ಮುದಿ ಎತ್ತಿಗೆ ಓಟ ಕಲಿಸೋರೇ, ಮೊದಲು ನಿಲ್ಲೋದು ಕಲಿಸಿ

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಊರಿಗೆ ಹೋಗಿ ಬಂದಾಗಲೆಲ್ಲ ಕಡಕ್ ರೊಟ್ಟಿ, ಪುಂಡಿಪಲ್ಯ, ಜಾತ್ರೆಯ ಮಿರ್ಚಿ ಅಂತ ಬರೆದು ನಿಮ್ಮ ಹೊಟ್ಟೆ ಉರಿಸ್ತಿದ್ದೆ. ಈ ಸಲ ನನ್ನ ಹೊಟ್ಟೆಯೇ ಉರೀತಿದೆ.

ಕಾರಣ ಒಂದು ವಿಡಿಯೋ. ಮೊನ್ನೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಬಂತು. ನಮ್ಮ ಕಡೆಯದೇ ಗಾಡಿ ಓಟ, ಊರು ಯಾವುದು ಅಂತ ಬೇಡ. ಜೋಡಿಯಲ್ಲಿ ಒಂದು ಎಳೆಯ ಎತ್ತು, ಇನ್ನೊಂದು ಮುದಿಯದು. ಮುದಿಯದು ಅಂತ ಹೇಳೋಕೆ ಬಾಯಿ ತೆರೆದು ಹಲ್ಲು ನೋಡಬೇಕಾಗಿರಲಿಲ್ಲ. ಚಪ್ಪೆ ಮೂಳೆ ಎದ್ದಿತ್ತು, ಕೊರಳ ತೊಗಲು ಜೋತಿತ್ತು, ಕೊಂಬಿನ ಬುಡದಲ್ಲಿ ಉಂಗುರದ ಮೇಲೆ ಉಂಗುರ. ಗೆರೆ ದಾಟಿದವು, ಜನ ಕೇಕೆ ಹಾಕಿದರು. ಆದರೆ ಎತ್ತುಗಳು ನಿಲ್ಲಲಿಲ್ಲ! ಗಾಡಿ ಮೇಲಿದ್ದವನು ಹಗ್ಗ ಜಗ್ಗಿ ಹಿಂದಕ್ಕೆ ಬಾಗಿದ್ದಾನೆ, ಎತ್ತು ಓಡ್ತಾನೇ ಇವೆ. ಜನ ಎರಡು ಹೋಳಾದರು. ಕೊನೆಗೆ ನಿಂತಿದ್ದ ಒಂದು ಟಂಟಂ ಗಾಡಿಗೆ ಗುದ್ದಿ, ಮುದಿ ಎತ್ತು ಮೊಣಕಾಲೂರಿ ಕುಸೀತು. ವಿಡಿಯೋ ಅಲ್ಲಿಗೆ ಮುಗೀತು.

ಕೆಳಗೆ ಎರಡೇ ಥರದ ಮಾತು. ಒಂದು, "ಇದಕ್ಕೇ ಇವನ್ನೆಲ್ಲ ಬ್ಯಾನ್ ಮಾಡ್ಬೇಕು" ಅಂತ ಬೆಂಗಳೂರಿನಲ್ಲಿರೋ ಸಂಬಂಧಿಕರು. ಇನ್ನೊಂದು, "ನಮ್ಮ ಸಂಸ್ಕೃತಿ, ನಿಮಗೇನ್ ಗೊತ್ತು" ಅಂತ ಊರಲ್ಲಿರೋರು. ಇನ್ನೂರು ಮೆಸೇಜು ಹರಿದಾಡಿತು. ಆ ಎತ್ತಿಗೆ ಕಲಿಸಿದವರು ಯಾರು, ಎಷ್ಟು ದಿನ ಕಲಿಸಿದರು, ಏನು ಕಲಿಸಿದರು ಅಂತ ಒಬ್ಬರಾದರೂ ಕೇಳಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನನ್ನ ವಾದ ಇಷ್ಟೇ. ವಯಸ್ಸಾದ ಎತ್ತಿಗೆ ಓಟ ಕಲಿಸಬಹುದು. ಆದರೆ ನಮ್ಮಲ್ಲಿ ನಡೀತಿರೋದು ಕಲಿಸೋದಲ್ಲ, ಬೆದರಿಸೋದು. ಬೆದರಿದ ಎತ್ತಿಗೆ ಓಡೋದು ಬರುತ್ತೆ, ನಿಲ್ಲೋದು ಬರಲ್ಲ. ಹೇಳಿದ ಮಾತಿಗೆ ನಿಲ್ಲದ ಎತ್ತು ಕಲಿತ ಎತ್ತೇ ಅಲ್ಲ, ಅದು ಬೆಳ್ಳಿಯ ಗದೆ ಗೆದ್ದು ತಂದರೂ ಅಷ್ಟೇ.

*

ನಮ್ಮ ಕಡೆ ನೋಡದವರಿಗಾಗಿ ಒಂಚೂರು ಹಿನ್ನೆಲೆ.

ಸಿಂಧನೂರು ಅಂದರೆ ತುಂಗಭದ್ರಾ ಎಡದಂಡೆ ಕಾಲುವೆ, ಕಾಲುವೆ ಅಂದರೆ ಭತ್ತ, ಭತ್ತ ಅಂದರೆ ಟ್ರ್ಯಾಕ್ಟರು. ಕೆಸರು ತುಳಿಯೋದು ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ, ಕೊಯ್ಯೋದು ಕಟಾವು ಯಂತ್ರ. ಎತ್ತಿಗೆ ಅಲ್ಲಿ ಕೆಲಸವೇ ಇಲ್ಲ. ಲಿಂಗಸುಗೂರು ಕಡೆ ಬಂದರೆ ಬಹಳಷ್ಟು ಮಳೆ ನಂಬಿದ ಹೊಲ. ಸಜ್ಜೆ, ತೊಗರಿ, ಹಿಂಗಾರಿಗೆ ಬಿಳಿಜೋಳ. ಇಲ್ಲಿ ಕೂರಿಗೆ ಹಿಡಿಯೋಕೆ, ಎಡೆ ಹೊಡೆಯೋಕೆ ಎತ್ತು ಇನ್ನೂ ಬೇಕು, ಆದರೆ ವರ್ಷದಲ್ಲಿ ಕೆಲವೇ ದಿನ. ಮಸ್ಕಿ ಇವೆರಡರ ನಡುವೆ. ಲಿಂಗಸುಗೂರು, ಸಿಂಧನೂರು, ಮಾನ್ವಿ ಮೂರರಿಂದಲೂ ಊರುಗಳನ್ನು ತೆಗೆದು ಮಾಡಿದ ಹೊಸ ತಾಲೂಕು, ಅರ್ಧ ನೀರಾವರಿ, ಅರ್ಧ ಒಣಬೇಸಾಯ.

ಓಟ ನಮಗೆ ಹೊಸದಲ್ಲ. ಕಾರಹುಣ್ಣಿಮೆ ದಿನ ಕರಿ ಹರಿಯೋದು ನಮ್ಮಜ್ಜನ ಕಾಲಕ್ಕಿಂತ ಹಿಂದಿನದು. ಬಿಳಿ ಎತ್ತು ಮೊದಲು ಬಂದರೆ ಬಿಳಿಜೋಳ ಚೆನ್ನಾಗಿ ಬರುತ್ತೆ, ಕೆಂದೆತ್ತು ಬಂದರೆ ಮುಂಗಾರಿ ಬೆಳೆ ಅಂತ ನಂಬಿಕೆ. ಅದೇ ಹುಣ್ಣಿಮೆಗೆ ರಾಯಚೂರಿನಲ್ಲಿ ಮುನ್ನೂರುಕಾಪು ಸಮಾಜದವರು ಮುಂಗಾರು ಹಬ್ಬ ಮಾಡಿ ಎತ್ತುಗಳಿಂದ ಒಂದೂವರೆ, ಎರಡು ಟನ್ನಿನ ಕಲ್ಲು ಎಳೆಸುತ್ತಾರೆ. ಜಾತ್ರೆಗಳಲ್ಲಿ ಗಾಡಿ ಓಟ. ಇವೆಲ್ಲ ದುಡಿಯೋ ಎತ್ತಿನ ಆಟಗಳು. ಹೊಲದಲ್ಲಿ ವರ್ಷವಿಡೀ ಗಟ್ಟಿಯಾದ ಎತ್ತು ಒಂದು ದಿನ ತನ್ನ ಗತ್ತು ತೋರಿಸ್ತಿತ್ತು.

ಈಗ ಏನಾಗಿದೆ? ಎತ್ತು ಹನ್ನೊಂದು ತಿಂಗಳು ಗೂಟದಲ್ಲಿ ನಿಂತಿರುತ್ತೆ. ಹನ್ನೆರಡನೇ ತಿಂಗಳು ಜಾತ್ರೆ ಬಂತು ಅಂತ ನೆನಪಾಗುತ್ತೆ. ಜೋಡಿಗೆ ಇನ್ನೊಂದು ಸಿಗದಿದ್ದಾಗ ಮನೇಲಿರೋ ಮುದಿಯದನ್ನೇ ನೊಗಕ್ಕೆ ಕಟ್ಟಿ ಹದಿನೈದು ದಿನದಲ್ಲಿ "ತಯಾರು" ಮಾಡ್ತಾರೆ. ಅದು ಮುದಿಯಾದರೂ ಮನೇಲಿ ಯಾಕಿದೆ ಅಂದರೆ ಹೋಗೋಕೆ ಬೇರೆ ಜಾಗ ಇಲ್ಲ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತನ್ನು ಪ್ರಮಾಣಪತ್ರ ಪಡೆದು ಕಸಾಯಿಖಾನೆಗೆ ಕಳಿಸೋ ಅವಕಾಶ ಇತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ಅದಿಲ್ಲ. ಆ ಕಾಯ್ದೆ ಸರಿಯೋ ತಪ್ಪೋ, ಅದರ ಜಗಳ ಇನ್ನೊಂದು ದಿನ ಆಡೋಣ. ಆದರೆ ಎತ್ತನ್ನು ಉಳಿಸಿಕೊಂಡ ಮೇಲೆ ಅದನ್ನು ಏನು ಮಾಡ್ತೀವಿ ಅನ್ನೋ ಪ್ರಶ್ನೆ ರೈತನ ಹಟ್ಟಿಯಲ್ಲೇ ಉಳಿದಿದೆ. ಹುಲ್ಲು ಹಾಕಬೇಕು, ನೀರು ಕುಡಿಸಬೇಕು, ಪ್ರತಿಯಾಗಿ ಏನೂ ಬರಲ್ಲ. ಹಾಗಿದ್ದಾಗ ಓಟ ಅದಕ್ಕೊಂದು ಎರಡನೇ ಬದುಕು ಆಗಬಹುದಿತ್ತು. ನಾವು ಅದನ್ನು ಎರಡನೇ ಸಾವು ಮಾಡಿದ್ದೀವಿ.

*

ದೂರದಿಂದ ಮಾತಾಡ್ತಿಲ್ಲ. ನಮ್ಮ ಮನೇಲೇ ಆದದ್ದು ಕೇಳಿ.

ಅಪ್ಪನ ಹತ್ತಿರ ಒಂದು ಜೋಡಿ ಕಿಲಾರಿ ಎತ್ತು ಇದ್ದವು. 2022ರಲ್ಲಿ ಚರ್ಮಗಂಟು ರೋಗ ಬಂತಲ್ಲ, ಆಗ ಒಂದು ಹೋಯ್ತು. ಉಳಿದದ್ದು ಮೈಲ. ಆಗ ಅದಕ್ಕೆ ಒಂಬತ್ತು ವರ್ಷ, ಬಾಯಿಗೂಡಿ ನಾಲ್ಕು ವರ್ಷ ಆಗಿತ್ತು. (ಪೇಟೆಯವರಿಗೆ: ಎತ್ತಿನ ವಯಸ್ಸು ಹಲ್ಲಿನಲ್ಲಿ. ಎರಡು ಎರಡೂವರೆ ವರ್ಷಕ್ಕೆ ಎರಡು ಹಲ್ಲು, ಆಮೇಲೆ ನಾಲ್ಕು, ಆರು, ಐದರ ಹೊತ್ತಿಗೆ ಎಂಟು. ಎಂಟೂ ಬಂದರೆ ಬಾಯಿಗೂಡಿತು ಅಂತಾರೆ. ಅಲ್ಲಿಂದ ಮುಂದೆ ಸಂತೆಯಲ್ಲಿ ಬೆಲೆ ಇಳಿಯೋದೇ.)

ಚಿಕ್ಕಪ್ಪನ ಮಗ ನಾಲ್ಕು ಹಲ್ಲಿನ ಒಂದು ಹೋರಿ ತಂದ. ಜಾತ್ರೆ ಓಟಕ್ಕೆ ಮೈಲನನ್ನು ಜೋಡಿ ಮಾಡೋಣ ಅಂದ. ಅಪ್ಪ ಹೂಂ ಅಂದರು. ಕಲಿಸೋಕೆ ಅಂತ ಒಬ್ಬರನ್ನು ಕರೆತಂದರು. ಹೆಸರು ಬೇಡ, ಆ ಮನುಷ್ಯ ನಮ್ಮ ಕಡೆ ದೊಡ್ಡ ಓಟಗಾರ ಅಂತ ಹೆಸರಾದವರು. ಅವರು ಎತ್ತಿನ ಕಾಲು ನೋಡಲಿಲ್ಲ, ಬಾಯಿ ನೋಡಲಿಲ್ಲ. "ಮುದೇತ್ತಿಗಿ ಬುದ್ಧಿ ಹತ್ತಂಗಿಲ್ಲ, ಅದಕ್ಕ ಮುಳ್ಳ ಬೇಕು" ಅಂದರು. ಕೋಲಿನ ತುದಿಗೆ ಮೊಳೆ. ಅದು ಮೂರು ದಿನದಲ್ಲಿ ಓಡ್ತು, ನಿಜ. ಹದಿನೈದು ದಿನದಲ್ಲಿ ಕೋಲು ಕಂಡರೆ ಸಾಕು ಓಡ್ತು. ಎಲ್ಲರೂ ಭೇಷ್ ಅಂದರು.

ಜಾತ್ರೆ ದಿನ ಗೆರೆ ದಾಟಿದ ಮೇಲೂ ಓಡ್ತು. ಆ ವಿಡಿಯೋದಲ್ಲಿ ಟಂಟಂ ಇತ್ತು, ನಮ್ಮಲ್ಲಿ ಕಲ್ಲಿನ ಕಟ್ಟೆ. ಮುಂಗಾಲಿನ ಗೊರಸು ಸೀಳ್ತು. ಪುಣ್ಯಕ್ಕೆ ಮನುಷ್ಯರಿಗೆ ಏನೂ ಆಗಲಿಲ್ಲ. ಒಬ್ಬ ಹುಡುಗ ಎರಡು ಮಾರು ದೂರದಲ್ಲಿ ಐಸ್‌ಕ್ಯಾಂಡಿ ತಿಂತಾ ನಿಂತಿದ್ದ ಅನ್ನೋದು ಈಗಲೂ ರಾತ್ರಿ ನೆನಪಾಗುತ್ತೆ. ಆ ಮಹಾನುಭಾವರು ಏನಂದರು ಗೊತ್ತಾ? "ನಾ ಮೊದಲ ಹೇಳಿದ್ನಿ, ಮುದೇತ್ತು ಅಂತ."

ಅಂದರೆ ಗೆದ್ದರೆ ಕಲಿಸಿದವನ ಕೈಚಳಕ, ಬಿದ್ದರೆ ಎತ್ತಿನ ವಯಸ್ಸು!

*

ಮುದಿ ಎತ್ತಿಗೆ ಬುದ್ಧಿ ಹತ್ತಲ್ಲ ಅನ್ನೋ ಮಾತನ್ನೇ ಮೊದಲು ಹಿಡಿದುಕೊಳ್ಳೋಣ. ಇದಕ್ಕಿಂತ ದೊಡ್ಡ ಸುಳ್ಳು ನಮ್ಮ ಕಟ್ಟೆ ಮೇಲೆ ಇನ್ನೊಂದಿಲ್ಲ.

ಒಂಬತ್ತು ವರ್ಷದ ಎತ್ತಿಗೆ ಏನೇನು ಗೊತ್ತು ನೋಡಿ. ನೊಗ ಗೊತ್ತು. ತನ್ನ ಕಡೆ ಯಾವುದು ಗೊತ್ತು, ಎಡವೋ ಬಲವೋ. ನಿಲ್ಲು ಅಂದರೆ ಗೊತ್ತು. ಎಡೆ ಹೊಡೆಯುವಾಗ ಸಾಲಿನ ಕೊನೆಗೆ ಬಂದು, ಬೆಳೆ ತುಳಿಯದೆ, ಒಳಗಿನದು ನಿಂತಲ್ಲೇ ಹೆಜ್ಜೆ ಹಾಕಿ ಹೊರಗಿನದು ಸುತ್ತು ಹೊಡೆದು ತಿರುಗೋದು ಗೊತ್ತು. ಇದನ್ನು ಹೇಳಿಕೊಡೋಕೆ ಎಳೆಯದಕ್ಕೆ ಒಂದು ಹಂಗಾಮು ಬೇಕು. ಅದಕ್ಕೇ ಅಲ್ಲವೇ ನಮ್ಮ ಹಿರಿಯರು ಹೊಸ ಹೋರಿಗೆ ನೊಗ ಕಲಿಸುವಾಗ ಹಳೇ ಎತ್ತಿನ ಜೊತೆಗೇ ಕಟ್ಟುತ್ತಿದ್ದದ್ದು? ಹಳೇ ಎತ್ತೇ ಮೇಷ್ಟ್ರು. ಮೇಷ್ಟ್ರಿಗೇ ಬುದ್ಧಿ ಇಲ್ಲ ಅಂದರೆ ಹೇಗೆ!

ಮುದಿ ಎತ್ತಿಗೆ ಇಲ್ಲದಿರೋದು ಬುದ್ಧಿಯಲ್ಲ. ದಮ್ಮು, ಗಟ್ಟಿ ಗೊರಸು, ಹೊಸ ಗದ್ದಲದ ರೂಢಿ. ಈ ಮೂರೂ ತಿಂಗಳುಗಳ ಕೆಲಸ, ಮೊಳೆಯ ಕೆಲಸ ಅಲ್ಲ.

ಮೈಲನ ಗೊರಸು ಕೂಡೋಕೆ ಏಳು ತಿಂಗಳು ಬೇಕಾಯ್ತು. ಆಮೇಲೆ ಅಪ್ಪ ಯಾರಿಗೂ ಹೇಳದೆ ತಾವೇ ಶುರು ಮಾಡಿದರು. ನಾನು ರಜೆಗೆ ಹೋದಾಗ ನೋಡಿದ್ದು, ಫೋನಿನಲ್ಲಿ ಕೇಳಿದ್ದು ಸೇರಿಸಿ ಬರೀತೀನಿ. ಯಾರಿಗಾದರೂ ಉಪಯೋಗ ಆದೀತು.

ಮೊದಲ ತಿಂಗಳು ಓಟವೇ ಇಲ್ಲ. ಪಶುವೈದ್ಯರನ್ನು ಕರೆಸಿ ಎದೆ, ಉಸಿರು, ಕಾಲಿನ ಗಂಟು ನೋಡಿಸಿದರು. ಜಂತಿಗೆ ಔಷಧಿ. ಹಳೇ ಲಾಳ ಕಿತ್ತು ಗೊರಸು ಹೆರೆದು ಹೊಸದು ಕಟ್ಟಿಸಿದರು. ಬಾಯಿ ನೋಡಿದರು, ಹಲ್ಲು ಸವೆದ ಎತ್ತು ಕಣಿಕೆ ಅಗಿಯಲಾರದೆ ಸೊರಗುತ್ತೆ, ಅದನ್ನು ಸಣ್ಣಗೆ ಕತ್ತರಿಸಿ ಹಾಕಬೇಕು.

ಮೇವಿನ ವಿಷಯದಲ್ಲಿ ನಮ್ಮವರು ಮಾಡೋ ತಪ್ಪು ಎರಡು. ಒಂದು, ಸಿಂಧನೂರು ಕಡೆಯಿಂದ ಅಗ್ಗಕ್ಕೆ ಬರೋ ಭತ್ತದ ಹುಲ್ಲನ್ನೇ ವರ್ಷವಿಡೀ ಹಾಕೋದು. ಅದರಲ್ಲಿ ಕಸುವು ಕಡಿಮೆ. ಇನ್ನೊಂದು, ಜಾತ್ರೆ ಹತ್ತಿರ ಬಂತು ಅಂತ ಒಮ್ಮೆಲೇ ಕಾಳು, ಹಿಟ್ಟು ಬುಟ್ಟಿಗಟ್ಟಲೆ ಇಡೋದು. ಎತ್ತಿನ ಹೊಟ್ಟೆ ಹುಲ್ಲಿಗೆ ಆದದ್ದು. ಒಮ್ಮೆಲೇ ಕಾಳು ಬಿದ್ದರೆ ಹೊಟ್ಟೆ ಹುಳಿಯಾಗಿ ಎತ್ತು ಮೇವು ಬಿಡುತ್ತೆ, ಆ ಹುಳಿಯ ಏಟು ಗೊರಸಿಗೂ ತಟ್ಟಿ ಕುಂಟುತ್ತೆ. "ಕಣ್ಣು ಹತ್ತೈತಿ" ಅಂತ ನಾವು ಲಿಂಬೆಹಣ್ಣು ಇಳಿಸ್ತೀವಿ! ಅಪ್ಪ ಜೋಳದ ಕಣಿಕೆ ಬಿಡಲಿಲ್ಲ. ಬೇಯಿಸಿದ ಹುರುಳಿ ಒಂದು ಹಿಡಿಯಿಂದ ಶುರು ಮಾಡಿ ಮೂರು ವಾರದಲ್ಲಿ ಒಂದು ಸೇರಿಗೆ ತಂದರು, ಜೊತೆಗೆ ಒಂದಿಷ್ಟು ಹಿಂಡಿ, ಹತ್ತಿಕಾಳು.

ಎರಡನೇ ತಿಂಗಳು ಬರೀ ನಡಿಗೆ. ಬೆಳಗ್ಗೆ ಬಿಸಿಲೇರೋಕೆ ಮುಂಚೆ ಖಾಲಿ ಗಾಡಿ, ಬಂಡಿದಾರಿಯಲ್ಲಿ ಎರಡು ಕಿಲೋಮೀಟರು, ಆಮೇಲೆ ನಾಲ್ಕು. ವಾರದಲ್ಲಿ ಎರಡು ದಿನ ಪೂರ್ತಿ ಬಿಡುವು, ಸೋಮವಾರ ಹೇಗೂ ಬಸವಣ್ಣನ ವಾರ, ಅದರಲ್ಲೊಂದು. ಆಗಲೇ ಅಪ್ಪನಿಗೆ ಗೊತ್ತಾದದ್ದು: ಆರು ವರ್ಷ ಎಡಕ್ಕೆ ದುಡಿದ ಮೈಲನನ್ನು ಆ ಓಟಗಾರರು ಬಲಕ್ಕೆ ಕಟ್ಟಿದ್ದರು. ಹೋರಿಗೆ ಎಡ ಬೇಕು ಅಂತ. ಎಡಗೈಲಿ ಬರೆಯೋನಿಗೆ ಬಲಗೈಲಿ ಬರಿ ಅಂದು ಮೇಲಿಂದ ಚುಚ್ಚಿದ ಹಾಗೆ. ಎಡಕ್ಕೆ ವಾಪಸ್ ಕಟ್ಟಿದ ದಿನವೇ ಅದರ ನಡಿಗೆ ಬದಲಾಯ್ತು.

ಮೂರನೇ ತಿಂಗಳಿಂದ ಸಣ್ಣ ಓಟ. ನೂರು ಹೆಜ್ಜೆ ಓಡಿಸೋದು, "ಹೋ..." ಅಂತ ನಿಲ್ಲಿಸೋದು. ನಿಂತರೆ ಒಂದು ಚೂರು ಬೆಲ್ಲ, ಕೊರಳಿಗೆ ಕೈ. ನಿಲ್ಲದಿದ್ದರೆ ಅವತ್ತಿನ ಪಾಠ ಮುಗೀತು, ನಾಳೆ ಐವತ್ತೇ ಹೆಜ್ಜೆ. ಮೂರು ವಾರ ಇದೇ. ನಾನು ಬೇಜಾರಾಗಿ, "ಅಪ್ಪಾ, ಓಡಾದು ಯಾವಾಗ ಕಲಿಸ್ತಿ?" ಅಂದೆ. "ಓಡಾದು ಅದಕ್ಕ ಹುಟ್ಟಿದಾಗಿಂದ ಬರ್ತೈತಲೇ. ನಿಲ್ಲಾದು ಕಲಿಸಬೇಕು. ನಿಲ್ಲಾದು ಗೊತ್ತಿದ್ರ ಧೈರ್ಯದಿಂದ ಓಡ್ತೈತಿ" ಅಂದರು.

ನಾಲ್ಕು, ಐದನೇ ತಿಂಗಳು ದೂರ ಹೆಚ್ಚು, ಜೊತೆಗೆ ಗದ್ದಲ. ಊರ ಹುಡುಗರು ಮೊದಲು ದೂರದಲ್ಲಿ ಹಲಗೆ ಬಾರಿಸೋದು, ದಿನಾ ಹತ್ತು ಹೆಜ್ಜೆ ಹತ್ತಿರ. ಆಮೇಲೆ ಸೀಟಿ, ಮೈಕು. ಅಪ್ಪನ ಅಳತೆಗೋಲು ಎರಡೇ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಎಲೆಅಡಿಕೆ ಹಾಕಿ ಉಗುಳೋಷ್ಟರಲ್ಲಿ ಪಕ್ಕೆಯ ಏರಿಳಿತ ಹದಕ್ಕೆ ಬರಬೇಕು. ಸಂಜೆ ಮಲಗಿ ಮೆಲುಕು ಹಾಕಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಮರುದಿನ ರಜೆ. ಇದಕ್ಕೆ ಯಾವ ಯಂತ್ರವೂ ಬೇಡ, ನೋಡೋ ಕಣ್ಣು ಸಾಕು. ಮೈಯಲ್ಲಿ ನೋವಿರೋ, ಹೆದರಿದ ದನ ಮೆಲುಕು ಮರೆಯುತ್ತೆ, ಅದು ಸುಳ್ಳು ಹೇಳೋಕೆ ಕಲಿತಿಲ್ಲ.

*

ಇದೆಲ್ಲ ನಮ್ಮಪ್ಪನ ಹುಚ್ಚು ಅನ್ನೋರಿಗೆ ಒಂದು ಕಥೆ, ಅಲ್ಲ, ನಡೆದದ್ದೇ.

ಅಮೆರಿಕದಲ್ಲಿ ಬ್ಯಾರೆಲ್ ರೇಸಿಂಗ್ ಅಂತ ಒಂದು ಆಟ. ಮೈದಾನದಲ್ಲಿ ತ್ರಿಕೋನದ ಹಾಗೆ ಮೂರು ಪೀಪಾಯಿ ಇಟ್ಟಿರ್ತಾರೆ. ಕುದುರೆ ಏರಿದ ಹೆಂಗಸು (ಅಲ್ಲಿ ವೃತ್ತಿಪರ ಮಟ್ಟದಲ್ಲಿ ಅದು ಹೆಂಗಸರ ಆಟ) ಒಂದೊಂದನ್ನೂ ಸುತ್ತು ಹಾಕಿ, ಪೀಪಾಯಿ ಬೀಳಿಸದೆ, ಗೆರೆಗೆ ವಾಪಸ್ ಬರಬೇಕು. ಬರೀ ವೇಗ ಇದ್ದರೆ ಸಾಲದು, ಪೀಪಾಯಿ ಹತ್ತಿರ ವೇಗ ತಗ್ಗಿಸಿ ತಿರುಗೋಕೆ ಬರಬೇಕು. ಚಾರ್ಮೇನ್ ಜೇಮ್ಸ್ ಅನ್ನೋ ಹುಡುಗಿ, ಸ್ಕ್ಯಾಂಪರ್ ಅನ್ನೋ ಅವಳ ಕುದುರೆ. 1984ರಿಂದ 1993ರವರೆಗೆ ಸತತ ಹತ್ತು ವಿಶ್ವ ಪ್ರಶಸ್ತಿ ಗೆದ್ದರು. ಕುದುರೆ ಹುಟ್ಟಿದ್ದು 1977ರಲ್ಲಿ. ಅಂದರೆ ಹತ್ತನೇ ಪ್ರಶಸ್ತಿ ಗೆದ್ದಾಗ ಅದಕ್ಕೆ ಹದಿನಾರು! ಆಮೇಲೂ ಅದು 2012ರವರೆಗೆ ಬದುಕಿತ್ತು.

ನನಗೆ ಇಷ್ಟವಾದದ್ದು ಹತ್ತು ಪ್ರಶಸ್ತಿ ಅಲ್ಲ. 1985ರ ರಾಷ್ಟ್ರೀಯ ಫೈನಲ್ಸ್‌ನ ಒಂದು ಸುತ್ತಿನಲ್ಲಿ ಕುದುರೆಯ ಕಡಿವಾಣ ಕಳಚಿಬಿತ್ತು. ಹಿಡಿಯೋಕೆ, ಎಳೆಯೋಕೆ ಏನೂ ಇಲ್ಲ. ಸ್ಕ್ಯಾಂಪರ್ ಮೂರೂ ಪೀಪಾಯಿ ಸುತ್ತಿ, ಒಂದನ್ನೂ ಬೀಳಿಸದೆ ಬಂದು ಆ ಸುತ್ತನ್ನು ಗೆದ್ದಿತು. ಇದಕ್ಕೆ ಕಲಿಕೆ ಅಂತಾರೆ. ನಿಮ್ಮ ಕೈಲಿರೋ ಕೋಲು ಬಿದ್ದುಹೋದರೆ ನಿಮ್ಮ ಎತ್ತು ಏನು ಮಾಡುತ್ತೆ? ಒಮ್ಮೆ ಎದೆ ಮುಟ್ಟಿಕೊಂಡು ಹೇಳಿ.

(ಕುದುರೆ ಬೇರೆ, ಎತ್ತು ಬೇರೆ ಅಂತ ನನಗೂ ಗೊತ್ತು. ಎತ್ತಿನ ಆಯುಷ್ಯ ಕುದುರೆಗಿಂತ ಕಡಿಮೆ, ಕುದುರೆಯಷ್ಟು ಬೆವತು ಮೈ ತಂಪು ಮಾಡಿಕೊಳ್ಳೋಕೂ ಅದಕ್ಕೆ ಬರಲ್ಲ. ಹಾಗಾದರೆ ಕಾಳಜಿ ಜಾಸ್ತಿ ಬೇಕೋ ಕಡಿಮೆ ಬೇಕೋ?)

*

ಈಗ ಕಾನೂನು. "ಸುಪ್ರೀಂ ಕೋರ್ಟೇ ಒಪ್ಪೈತಿ, ನೀ ಯಾರು ಕೇಳಾಕ" ಅನ್ನೋರು ಬಹಳ ಇದ್ದಾರೆ. ಪೂರ್ತಿ ಓದಿ ಸ್ವಾಮಿ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟ ಎರಡನ್ನೂ ನಿಲ್ಲಿಸಿತ್ತು. 2017ರಲ್ಲಿ ಕರ್ನಾಟಕ ತನ್ನ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆದರೆ ಅದೇ ತೀರ್ಪು ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಜಿಲ್ಲಾಡಳಿತ ಅದಕ್ಕೆ ಹೊಣೆ ಅಂತಲೂ ಹೇಳಿದೆ. ಇದು ಷರತ್ತಿನ ಪರವಾನಗಿ, ಪಟಾಕಿ ಹಾರಿಸೋ ಜಯ ಅಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ತೆಗೆದು ನೋಡಿ. ವಯಸ್ಸು, ರೋಗ, ಗಾಯ ಇವುಗಳಿಂದ ಕೆಲಸಕ್ಕೆ ತಕ್ಕುದಲ್ಲದ ಪ್ರಾಣಿಯನ್ನು ಯಾವ ಉದ್ದೇಶಕ್ಕೂ ದುಡಿಸೋದು ಅಪರಾಧ. ವಯಸ್ಸು ಅನ್ನೋ ಪದ ಅಲ್ಲೇ ಇದೆ. ಎಳೆಯುವ ಪ್ರಾಣಿಗಳ ಬಗ್ಗೆ 1965ರ ನಿಯಮಗಳಿವೆ. ಮೊಳೆಯ ಕೋಲು, ಮುಳ್ಳಿನ ನೊಗ ಅದರಲ್ಲಿ ನಿಷೇಧ. 37 ಡಿಗ್ರಿ ದಾಟೋ ಜಾಗದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಹೂಡೋ ಹಾಗಿಲ್ಲ. ರಾಯಚೂರು ಜಿಲ್ಲೆಯಲ್ಲಿ ಯುಗಾದಿ ಆಸುಪಾಸಿನ ಮಧ್ಯಾಹ್ನ 37 ದಾಟದ ದಿನ ಹುಡುಕಿ ತೋರಿಸಿ! ಆ ಹೊತ್ತಿಗೇ ಅಲ್ಲವೇ ಪೆಂಡಾಲು ತುಂಬೋದು, ಭಾಷಣ ಮುಗಿಯೋದು, ಓಟ ಶುರುವಾಗೋದು?

ದಂಡ ಎಷ್ಟು ಗೊತ್ತಾ? 11ನೇ ಕಲಂ ಪ್ರಕಾರ ಮೊದಲ ತಪ್ಪಿಗೆ ಹತ್ತು ರೂಪಾಯಿಂದ ಐವತ್ತು ರೂಪಾಯಿ. ಒಂದು ಪ್ಲೇಟು ಮಿರ್ಚಿಯ ದುಡ್ಡು. ಹಾಗಾಗಿ ಪೊಲೀಸರು ಬಂದು ಎತ್ತನ್ನು ಉಳಿಸ್ತಾರೆ ಅಂತ ಕೂರೋದು ದಂಡ. ನಾವೇ ನಾಚಿಕೊಳ್ಳಬೇಕು.

ನಾಚಿಕೆಗೆ ಕಾರಣ ಇನ್ನೊಂದೂ ಇದೆ. 1915ರಲ್ಲಿ ಸಿಕ್ಕ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರು ಇದ್ದದ್ದರಿಂದಲೇ ದೇವಾನಾಂಪ್ರಿಯ ಅಂದರೆ ಯಾರು ಅಂತ ಗಟ್ಟಿಯಾದದ್ದು. ನಮ್ಮೂರ ಹುಡುಗರೆಲ್ಲ ಹೆಮ್ಮೆಯಿಂದ ಹೇಳ್ತೀವಿ. ಅದೇ ದೊರೆ ಉತ್ತರದಲ್ಲಿ ನಿಲ್ಲಿಸಿದ ಸ್ತಂಭಶಾಸನವೊಂದರಲ್ಲಿ ಇಂತಿಂಥ ದಿನ ಹೋರಿಯ ಬೀಜ ಒಡೆಯಬಾರದು, ಕುದುರೆಗೂ ಎತ್ತಿಗೂ ಬರೆ ಹಾಕಬಾರದು ಅಂತ ಬರೆಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ! ಸಂಸ್ಕೃತಿ ಅಂತ ಕೂಗೋರು ಇದನ್ನೂ ಲೆಕ್ಕಕ್ಕೆ ತಗೋಬೇಕು.

*

ಇನ್ನು ಬ್ಯಾನ್ ಮಾಡಿ ಅನ್ನೋ ನಗರದ ಗೆಳೆಯರಿಗೆ. ನಿಮ್ಮ ಕರುಣೆ ಸುಳ್ಳು ಅನ್ನಲ್ಲ. ಆದರೆ ಓಟ ನಿಂತ ಮರುದಿನ ಆ ಎತ್ತು ಏನು ಮಾಡುತ್ತೆ ಅಂತ ಯೋಚಿಸಿದ್ದೀರಾ? ಗೂಟಕ್ಕೆ ಕಟ್ಟಿದ, ಯಾರಿಗೂ ಬೇಡವಾದ ಎತ್ತಿನ ಮುಂದೆ ಅರ್ಧ ಹೊಟ್ಟೆ ಹುಲ್ಲು ಇರುತ್ತೆ. ಅದರ ವಿಡಿಯೋ ಯಾರೂ ಮಾಡಲ್ಲ. ಹದವಾಗಿ ದುಡಿಯೋ, ಓಡೋ ಎತ್ತಿಗೆ ಲಾಳ ಬೀಳುತ್ತೆ, ಹುರುಳಿ ಸಿಗುತ್ತೆ, ಮೈ ತಿಕ್ಕೋರಿರ್ತಾರೆ. ಯಾಕೆಂದರೆ ಅದಕ್ಕೊಂದು ಹೆಸರಿರುತ್ತೆ. ನಾನು ಓಟದ ಪರ. ಮೊಳೆಯ ವಿರುದ್ಧ.

ಊರಿನವರ ವಾದಗಳೂ ಗೊತ್ತು. "ಪಕ್ಕದೂರಿನವರು ಚುಚ್ಚತಾರ, ನಾವು ಬಿಟ್ರ ಸೋಲ್ತೀವಿ" ಅನ್ನೋದು ಒಂದು. ಇದು ನಿಜವಾದ ಕಷ್ಟ, ಒಪ್ತೀನಿ. ಅದಕ್ಕೇ ಒಬ್ಬೊಬ್ಬ ರೈತನಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ, ಓಟ ಇಡೋ ಕಮಿಟಿಯವರನ್ನು ಹಿಡೀಬೇಕು. ಅವರಿಗೆ ನಾಲ್ಕೇ ಬೇಡಿಕೆ. ಗಾಡಿ ಏರೋ ಮುಂಚೆ ಕೈಯ ಕೋಲು ತೆಗೆದಿಡಿಸಿ. ಬಾಯಿಗೂಡಿದ ಎತ್ತುಗಳಿಗೆ ಬೇರೆ ಸುತ್ತು, ಕಡಿಮೆ ದೂರ ಇಡಿ. ಆಂಧ್ರದ ಕಲ್ಲು ಎಳೆಯೋ ಪಂದ್ಯಗಳಲ್ಲಿ ಹಲ್ಲಿನ ಲೆಕ್ಕದಲ್ಲಿ ಬೇರೆಬೇರೆ ವಿಭಾಗ ಮಾಡ್ತಾರಲ್ಲ, ಹಾಗೆ. ಬೆಳಗ್ಗೆ ಹತ್ತಕ್ಕೆ ಮುಗಿಸಿ, ಭಾಷಣ ಬೇಕಾದರೆ ಮಧ್ಯಾಹ್ನ ಮಾಡಿಕೊಳ್ಳಿ, ಅದಕ್ಕೆ ಬಿಸಿಲು ತಾಗಲ್ಲ. ಕೊನೆಯದು, ಗೆರೆ ದಾಟಿದ ಮೇಲೆ ಇಂತಿಷ್ಟು ಮಾರಿನೊಳಗೆ ಮಾತಿಗೆ ನಿಲ್ಲದ ಜೋಡಿಗೆ ಬಹುಮಾನ ಇಲ್ಲ ಅಂತ ಸಾರಿ. ಈ ಒಂದೇ ನಿಯಮ ಬಂದರೆ ಮೊಳೆ ತಾನಾಗಿ ಹೋಗುತ್ತೆ. ಚುಚ್ಚಿ ಓಡಿಸಬಹುದು, ಚುಚ್ಚಿ ನಿಲ್ಲಿಸೋಕಾಗುತ್ತಾ?

"ಐದು ತಿಂಗಳು ಯಾರಿಗಿದೆ ಟೈಮು" ಅನ್ನೋದು ಇನ್ನೊಂದು. ಟೈಮಿಲ್ಲದಿದ್ದರೆ ಓಡಿಸಬೇಡಿ. ಅಷ್ಟೇ. ಯಾರೂ ಬಲವಂತ ಮಾಡಿಲ್ಲ. ಇನ್ನು ಕಲಿಸಿದರೂ ಓಡಲ್ಲ ಅನ್ನೋ ಎತ್ತು ಇರುತ್ತೆ. ಕಾಲು ನೋಯ್ತಿರಬಹುದು, ಮನಸ್ಸಿಲ್ಲದಿರಬಹುದು. ಅದು ಇಲ್ಲ ಅಂದದ್ದನ್ನು ಇಲ್ಲ ಅಂತ ಒಪ್ಪಿಕೊಳ್ಳಿ. ವಯಸ್ಸಾದವರಿಗೆ ಅಷ್ಟು ಮರ್ಯಾದೆ ಕೊಡೋಕೆ ನಮಗೇನು ರೋಗ?

*

ಮೈಲನ ಕಥೆ ಮುಗಿಸಿಬಿಡ್ತೀನಿ, ಇಲ್ಲದಿದ್ದರೆ ಕೇಳ್ತೀರಿ.

2024ರ ಜಾತ್ರೆಗೆ ಅಪ್ಪ ಕರ್ಕೊಂಡು ಹೋದರು. ಆಗ ಮೈಲನಿಗೆ ಹನ್ನೊಂದು. ಕೈಯಲ್ಲಿ ಕೋಲಿರಲಿಲ್ಲ. ಜನ ನಕ್ಕರು, "ಮುದುಕ ಮುದುಕನ್ನ ಓಡಸಾಕ ಬಂದಾನ" ಅಂದರು. ಓಡಿತು. ನಾಲ್ಕನೇ ಸ್ಥಾನ. ಬಹುಮಾನ ಮೂರಕ್ಕೇ ಇತ್ತು. ಆದರೆ ಗೆರೆ ದಾಟಿ ಇಪ್ಪತ್ತು ಮಾರಿನಲ್ಲಿ ಅಪ್ಪ "ಹೋ..." ಅಂದರು, ಮೈಲ ನಿಂತಿತು. ಮೈಲ ನಿಂತದ್ದಕ್ಕೆ ಪಕ್ಕದ ಹೋರಿಯೂ ನಿಂತಿತು. ಸುತ್ತ ಅಷ್ಟು ಹಲಗೆ, ಅಷ್ಟು ಮೈಕು, ಅದರ ನಡುವೆ ಎರಡೂ ಸುಮ್ಮನೆ ನಿಂತು ಉಸಿರು ಬಿಡ್ತಿದ್ದವು. ಗೆದ್ದ ಜೋಡಿಯನ್ನು ಹಿಡಿಯೋಕೆ ಎಂಟು ಜನ ಹಿಂದೆ ಓಡ್ತಿದ್ದರು.

ಅವತ್ತು ಸಂಜೆ ಅಪ್ಪ ಉಣ್ಣೋಕೆ ಬರಲಿಲ್ಲ. ಹೋಗಿ ನೋಡಿದರೆ ಹಟ್ಟಿ ಮುಂದೆ ಕೂತಿದ್ದರು. "ಯಾಕಪಾ?" ಅಂದೆ. ಕೈ ಮಾಡಿ ಸುಮ್ಮನಿರು ಅಂದರು. ಮೈಲ ಮಲಗಿತ್ತು, ಇನ್ನೂ ಮೆಲುಕು ಶುರು ಮಾಡಿರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಗಂಟಲಲ್ಲಿ ಒಂದು ಉಂಡೆ ಮೇಲೇರಿದ್ದು ಕಾಣಿಸ್ತು, ದವಡೆ ಆಡಿಸೋಕೆ ಶುರು ಮಾಡ್ತು. ಆಗ ಎದ್ದರು. "ಸಾಕಿನ್ನ. ಮುಂದಿನ ವರ್ಷ ಬ್ಯಾಡ" ಅಂದರು.

ಈಗ ಮೈಲ ಓಡಲ್ಲ. ಮನೆಯ ಹೊಸ ಹೋರಿಗಳಿಗೆ ನೊಗ ಕಲಿಸುತ್ತೆ. ಮೊದಲ ಪಾಠ ನಿಲ್ಲೋದು.